ತಾಜಿಮಾ ಎಂಬ ಯುದ್ಧನೌಕೆಯು ದ್ವೀಪವಾದ ವೃತ್ತಾಂತ

ಜಪಾನಿನ ಯುದ್ಧನೌಕೆ ತಾಜಿಮಾ ತನ್ನ ಮೂವತ್ತು ವರ್ಷಗಳ ಸೇವಾವಧಿಯಲ್ಲಿ ಶತ್ರುವಿನ ಒಂದೇ ಒಂದು ಹಡಗನ್ನೂ ಮುಳುಗಿಸಲಿಲ್ಲವೆಂಬುದನ್ನೂ, ಈ ಬಗ್ಗೆ ನೌಕೆಯ ಕಡೆಯಿಂದ ಯಾವುದೇ ಕರ್ತವ್ಯಲೋಪ ಆಗಿಲ್ಲವೆಂಬುದನ್ನೂ ಈ ಮೂಲಕ ದಾಖಲಿಸಲಾಗಿದೆ. ದಾಖಲಿಸುತ್ತಿರುವವನು ಆ ನೌಕೆಯ ಗುಮಾಸ್ತನಾಗಿದ್ದ ಉಸುಯಿ, ಅಂದರೆ ನಾನು. ನೌಕೆಯಲ್ಲಿ ಫಿರಂಗಿಯವರು, ಬಾಯ್ಲರಿನವರು, ಅಡುಗೆಯವರು ಎಲ್ಲರೂ ಇದ್ದರು. ಆದರೆ ಮೂವತ್ತು ವರ್ಷ ಬಿಡುವಿಲ್ಲದೆ ಕೆಲಸವಿದ್ದದ್ದು ಗುಮಾಸ್ತರಿಗೆ ಮಾತ್ರ.

ಮೊದಲನೆಯ ಯುದ್ಧಕ್ಕೆ ತಾಜಿಮಾ ಉತ್ಸಾಹದಿಂದಲೇ ಹೊರಟಿತ್ತು. ಹೊರಡುವ ಮೊದಲು ಬಂದರಿನಲ್ಲಿ ಬೀಳ್ಕೊಡುಗೆಯ ಭಾಷಣಗಳಿದ್ದವು. ಭಾಷಣಗಳು ಮುಗಿದು ನೌಕೆ ಯುದ್ಧದ ಜಾಗಕ್ಕೆ ತಲುಪುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದು ಜನ ಮೀನು ಹಿಡಿಯುತ್ತಿದ್ದರು. ಆಮೇಲೆ ಶಾಂತಿಯ ಕಾಲ ಬಂತು. ದೇಶದೇಶಗಳು ಕೂತು, ಯುದ್ಧನೌಕೆಗಳು ಜಾಸ್ತಿಯಾದವು, ಹಳೆಯವನ್ನು ಒಡೆಯೋಣ ಎಂದು ಒಪ್ಪಂದ ಮಾಡಿಕೊಂಡವು. ಒಡೆಯುವ ಪಟ್ಟಿಯಲ್ಲಿ ತಾಜಿಮಾದ ಹೆಸರೇ ಮೊದಲಿತ್ತು. ಆದರೆ ಒಡೆದರೆ ಅದರ ಹಿತ್ತಾಳೆಯೆಲ್ಲ ಯಾವ ಇಲಾಖೆಗೆ ಸೇರಬೇಕು ಎಂಬ ಪ್ರಶ್ನೆ ಎದ್ದಿತು. ಇಬ್ಬರು ಅಡ್ಮಿರಲ್ಲುಗಳು ಆ ಹಿತ್ತಾಳೆಗಾಗಿ ನಿವೃತ್ತಿಯವರೆಗೂ ಹೋರಾಡಿದರು. ತಾಜಿಮಾ ಕಂಡ ದೊಡ್ಡ ಕಾಳಗ ಇದೊಂದೇ, ಇದರಲ್ಲಿ ಅದು ಬದುಕಿ ಉಳಿಯಿತು.

ಎರಡನೆಯ ಯುದ್ಧದಲ್ಲಿ ಹೊಸ ನೌಕೆಗಳ ವೇಗಕ್ಕೆ ಇದು ಹೊಂದಲಿಲ್ಲ. ಜೊತೆಗೆ ಕರೆದೊಯ್ದರೆ ಉಳಿದವು ನಿಂತು ಕಾಯಬೇಕಾಗುತ್ತದೆ ಎಂದು ಬಂದರಿನಲ್ಲೇ ಬಿಟ್ಟರು. ಕಾಯುತ್ತಾ ಕೂತವರು ಡೆಕ್ ಉಜ್ಜಿದರು. ಡೆಕ್ ಉಜ್ಜುವ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನವನ್ನು ಸತತವಾಗಿ ಗೆದ್ದ ಕೀರ್ತಿ ನಮ್ಮದು. ಹೋದ ಹೊಸ ನೌಕೆಗಳು ಒಂದೂ ಹಿಂದಿರುಗಿ ಬಾರದೆ ಇದ್ದುದರಿಂದ, ಯುದ್ಧದ ಕೊನೆಯ ವರ್ಷದ ಹೊತ್ತಿಗೆ ತಾಜಿಮಾ ನೌಕಾಪಡೆಯ ಬೆನ್ನೆಲುಬು ಎನಿಸಿಕೊಂಡಿತು.

ಆ ವಸಂತದಲ್ಲಿ ಎಣ್ಣೆ ಮುಗಿಯಿತು. ಎಣ್ಣೆ ಮುಗಿದಿದೆ ಎನ್ನುವುದು ದೇಶದ್ರೋಹದ ಮಾತಾದ್ದರಿಂದ, ತಾಜಿಮಾಕ್ಕೆ ‘ಸ್ಥಿರ ಸೇವೆ’ಯನ್ನು ವಹಿಸಲಾಗಿದೆ ಎಂದು ಮುಖ್ಯ ಕಚೇರಿಯಿಂದ ಆದೇಶ ಬಂತು. ಸಣ್ಣ ದೋಣಿಗಳು ನಮ್ಮನ್ನು ಎಳೆದುಕೊಂಡು ಹೋಗಿ ಒಳಸಮುದ್ರದ ಕುಸುನೋಉರಾ ಎಂಬ ಹಳ್ಳಿಯ ಕೊಲ್ಲಿಯಲ್ಲಿ ಕಟ್ಟಿಹಾಕಿದವು. ಅಮೆರಿಕದ ವಿಮಾನಗಳಿಗೆ ಗುರುತು ಸಿಗದಂತೆ ನೌಕೆಯು ದ್ವೀಪದಂತೆ ಕಾಣತಕ್ಕದ್ದು ಎಂದು ಎರಡನೆಯ ಆದೇಶ ಬಂತು. ನಾವು ಡೆಕ್ಕಿನ ತುಂಬ ಮಣ್ಣು ಸುರಿದು, ಗುಡ್ಡದಿಂದ ಪೈನ್ ಮರಗಳನ್ನು ಕಡಿದು ತಂದು ಫಿರಂಗಿಗಳ ಸುತ್ತ ನಿಲ್ಲಿಸಿದೆವು. ಅಷ್ಟು ವರ್ಷ ಉಜ್ಜಿ ಕನ್ನಡಿ ಮಾಡಿದ್ದ ಡೆಕ್ಕಿನ ಮೇಲೆ ಮಣ್ಣು ಬಿದ್ದಾಗ ಕೆಲವರು ಬಹಿರಂಗವಾಗಿ ಅತ್ತರು.

ಮೂರನೆಯ ಆದೇಶ ಹೀಗಿತ್ತು: “ದ್ವೀಪದಂತೆ ಕಂಡರೆ ಸಾಲದು, ದ್ವೀಪದಂತೆ ವರ್ತಿಸತಕ್ಕದ್ದು. ದ್ವೀಪವು ಕಹಳೆ ಊದುವುದಿಲ್ಲ. ದ್ವೀಪವು ಗುಂಡು ಹಾರಿಸುವುದಿಲ್ಲ. ದ್ವೀಪವು ಹೊಗೆ ಬಿಡುವುದಿಲ್ಲ, ಜ್ವಾಲಾಮುಖಿಯ ಹೊರತು. ಜ್ವಾಲಾಮುಖಿಯಾಗಲು ಪ್ರತ್ಯೇಕ ಅನುಮತಿ ಪಡೆಯತಕ್ಕದ್ದು. ಹಕ್ಕಿಗಳು ಬಂದು ಕುಳಿತಲ್ಲಿ ಪ್ರೋತ್ಸಾಹಿಸತಕ್ಕದ್ದು. ಸದರಿ ಕೊಲ್ಲಿಯಲ್ಲಿ ಯುದ್ಧನೌಕೆ ಇದೆಯೆಂದು ಯಾರಿಗೇ ಆಗಲಿ ತಿಳಿಸಿದವರಿಗೆ ಮರಣದಂಡನೆ.” ನೌಕೆ ಇದ್ದದ್ದು ದಡದಿಂದ ಕೂಗಳತೆಯಲ್ಲಿ. ಹಳ್ಳಿಯ ಪ್ರತಿ ಅಡುಗೆಮನೆಯ ಕಿಟಕಿಯಿಂದಲೂ ಅದು ಕಾಣುತ್ತಿತ್ತು. ಬಂದ ದಿನ ಹಳ್ಳಿಯವರೆಲ್ಲ ದಡಕ್ಕೆ ಬಂದು ನೋಡಿ, ಎಷ್ಟು ದೊಡ್ಡ ಹಡಗು ಎಂದು ಕೈ ಬೀಸಿ ಹೋಗಿದ್ದರು. ನಾವು ದ್ವೀಪದವರಂತೆ ಸುಮ್ಮನಿದ್ದೆವು.

ನಮ್ಮ ಕಪ್ತಾನರು ಕುರಾಹಾಶಿ. ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ನಾವಿಕನೊಬ್ಬನಿಗೆ ಜ್ವರ ಬಂದರೆ ತಾವೇ ಗಂಜಿ ಹಿಡಿದುಕೊಂಡು ಹೋಗಿ ಕೂರುತ್ತಿದ್ದರು. ಅವರ ಬಗ್ಗೆ ನಮಗಿದ್ದ ಚಿಂತೆ ಒಂದೇ. ನೌಕೆ ಮುಳುಗಿದರೆ ಕಪ್ತಾನನೂ ಜೊತೆಗೆ ಮುಳುಗಬೇಕು ಎಂಬುದು ನಮ್ಮಲ್ಲಿ ಬರೆಯದ ಕಾಯಿದೆ. ಬರೆಯದೆ ಇರುವುದರಿಂದ ಅದಕ್ಕೆ ತಿದ್ದುಪಡಿಯೂ ಇಲ್ಲ. ಅವರು ಇಂಥ ವಿಷಯದಲ್ಲಿ ಬಲು ಕಟ್ಟುನಿಟ್ಟು. ಓಡಲಾರದ, ಗುಂಡು ಹಾರಿಸಲಾರದ ನೌಕೆಯಲ್ಲಿ ಅಂಥ ಮನುಷ್ಯ ಕೂತಿದ್ದಾರೆಂದರೆ ಇಂದಲ್ಲ ನಾಳೆ ಏನಾಗುತ್ತದೆಂದು ಲೆಕ್ಕ ಹಾಕಲು ಗುಮಾಸ್ತನೇ ಬೇಕಾಗಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹಳ್ಳಿಯಿಂದ ಒಂಟಿ ಹುಟ್ಟಿನ ದೋಣಿಯಲ್ಲಿ ಮುದುಕಿಯೊಬ್ಬಳು ಬಂದಳು. ಇಶಿಮಾರು ತೋಮೆ ಎಂದು ಹೆಸರು. ಆಗ ದೇಶದಲ್ಲೆಲ್ಲ ಹತ್ತು ಮನೆಗೊಂದು ನೆರೆಮನೆ ಕೂಟ ಮಾಡಿದ್ದರು. ರೇಷನ್ನು, ಬೆಂಕಿ ಆರಿಸುವ ಅಭ್ಯಾಸ, ಯಾರ ಮನೆಯಲ್ಲಿ ಯಾರು ಏನು ಗೊಣಗಿದರು ಎಂಬ ಸಮಾಚಾರ ಎಲ್ಲವೂ ಕೂಟದ ಮೂಲಕವೇ. ಸರಕಾರದ ಅಪ್ಪಣೆಗಳನ್ನು ಅಂಟಿಸಿದ ಸುತ್ತೋಲೆ ಹಲಗೆ ಮನೆಯಿಂದ ಮನೆಗೆ ಹೋಗಬೇಕು, ಪ್ರತಿ ಮನೆಯವರೂ ಮುದ್ರೆ ಒತ್ತಿ ಮುಂದಿನ ಮನೆಗೆ ದಾಟಿಸಬೇಕು. ತೋಮೆ ಅಜ್ಜಿ ಏಳನೆಯ ಕೂಟದ ಮುಖ್ಯಸ್ಥೆ. ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಹಗ್ಗದ ಏಣಿ ಹತ್ತಿ ಬಂದು, ಪೈನ್ ಮರವೊಂದನ್ನು ಹಿಡಿದು ಉಸಿರು ಬಿಟ್ಟಳು.

“ಈ ದ್ವೀಪದ ಯಜಮಾನ ಯಾರಪ್ಪಾ?” ಎಂದು ಕೇಳಿದಳು.

ಕಪ್ತಾನರು ಮುಂದೆ ಬಂದು ಸೆಲ್ಯೂಟ್ ಹೊಡೆಯಹೋಗಿ, ದ್ವೀಪದವರು ಸೆಲ್ಯೂಟ್ ಹೊಡೆಯುವುದಿಲ್ಲವೆಂದು ನೆನಪಾಗಿ ತಲೆ ಕೆರೆದುಕೊಂಡರು. “ನಾನೇ ಅಜ್ಜಿ.”

“ನೋಡು ಕಪ್ತಾನಪ್ಪಾ...”

“ಕಪ್ತಾನ ಅಂತ ಇಲ್ಲಿ ಯಾರೂ ಇಲ್ಲ ಅಜ್ಜಿ.”

“ಆಯ್ತು ಕಪ್ತಾನಪ್ಪಾ. ಗ್ರಾಮ ಕಚೇರಿಯವರು ಹೇಳಿ ಕಳ್ಸವ್ರೆ. ನೆಲ ಅಂದ್ಮೇಲೆ ಜನ, ಜನ ಅಂದ್ಮೇಲೆ ಕೂಟ. ದ್ವೀಪದಲ್ಲಿ ಆರ್ನೂರು ಗಂಡಸ್ರು ಇದ್ಕೊಂಡು ಯಾವ ಕೂಟಕ್ಕೂ ಸೇರ್ದೆ ಇದ್ರೆ ಹೆಂಗೆ? ನಮ್ ಕೂಟದಾಗೆ ಒಂದು ಮನೆ ಕಮ್ಮಿ ಇತ್ತು. ನಿಮ್ಮನ್ನ ಸೇರಿಸ್ಕೊಂಡಿದೀನಿ. ಮುದ್ರೆ ಒತ್ತು.”

ಕಪ್ತಾನರು ನನ್ನ ಮುಖ ನೋಡಿದರು. ಸೇರುವುದಿಲ್ಲ ಎನ್ನಬೇಕಾದರೆ ಕಾರಣ ಕೊಡಬೇಕು. ಕಾರಣ, ಇದು ಯುದ್ಧನೌಕೆ. ಹಾಗೆಂದರೆ ಮರಣದಂಡನೆ. ಕಪ್ತಾನರು ಒಳಗೆ ಹೋಗಿ ತಮ್ಮ ಮುದ್ರೆ ತಂದು ಒತ್ತಿದರು. ಅಂದಿನಿಂದ ಯುದ್ಧನೌಕೆ ತಾಜಿಮಾ ಏಳನೆಯ ಕೂಟದ ಹತ್ತನೆಯ ಮನೆಯಾಯಿತು.

ಮನೆಯಾದ ಮೇಲೆ ಮನೆಯ ಜವಾಬ್ದಾರಿಗಳೂ ಬಂದವು. ಮೊದಲು ಬಂದವನು ಅರಣ್ಯ ಇಲಾಖೆಯ ಅಧಿಕಾರಿ. ಆ ಕಾಲದಲ್ಲಿ ಪೈನ್ ಮರದ ಬೇರು ಬೇಯಿಸಿ ವಿಮಾನಕ್ಕೆ ಎಣ್ಣೆ ತೆಗೆಯುತ್ತಿದ್ದರು. ಪೈನ್ ಮರವಿದ್ದ ಪ್ರತಿ ಊರೂ ಬೇರು ಕೊಡಬೇಕಿತ್ತು. ಅಧಿಕಾರಿ ನಮ್ಮ ಡೆಕ್ಕಿನ ಮರಗಳನ್ನು ನೋಡಿ, ದ್ವೀಪದ ಪಾಲಿನ ಬೇರು ಇನ್ನೂ ಬಂದಿಲ್ಲ ಎಂದು ಆಕ್ಷೇಪಿಸಿದ. ಈ ಮರಗಳಿಗೆ ಬೇರೇ ಇಲ್ಲ ಎಂದೆವು. ಬೇರಿಲ್ಲದ ಮರ ಇಲಾಖೆಯ ನಿಯಮಗಳಲ್ಲಿ ಇಲ್ಲ ಎಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಮನುಷ್ಯ. ಕೊನೆಗೆ ನಾವಿಕರೇ ಗುಡ್ಡಕ್ಕೆ ಹೋಗಿ ಅಗೆದು ದ್ವೀಪದ ಪಾಲು ಒಪ್ಪಿಸಿದರು. ಎಣ್ಣೆ ನಮಗೂ ಸಿಗಬಹುದೇ ಎಂದು ಕೇಳಿದ್ದಕ್ಕೆ, ದ್ವೀಪಕ್ಕೆ ಎಣ್ಣೆ ಏಕೆ ಎಂದು ಉತ್ತರ ಬಂತು. ಇನ್ನು ಡೆಕ್ಕಿನ ಮರಗಳು ಒಣಗಿ ಕೆಂಪಾದಾಗ ಬೇರೆ ಮರ ಕಡಿಯಲು ಅದೇ ಇಲಾಖೆ ಅನುಮತಿ ಕೊಡಲಿಲ್ಲ. ನಾವು ಒಣ ಸೂಜಿಗಳಿಗೆ ಹಸಿರು ಬಣ್ಣ ಬಳಿದೆವು.

ಆಮೇಲೆ ಗ್ರಾಮ ರಕ್ಷಣೆಯ ತಪಾಸಣೆಯಾಯಿತು. ಶತ್ರು ದಡಕ್ಕೆ ಇಳಿದರೆ ಎದುರಿಸಲು ಯಾವ ಯಾವ ಮನೆಯಲ್ಲಿ ಏನೇನು ಆಯುಧವಿದೆ ಎಂದು ನೋಡುವ ಕೆಲಸ. ನಮ್ಮಲ್ಲಿ ಮನುಷ್ಯ ತೆವಳಿ ಒಳಹೋಗುವಷ್ಟು ಬಾಯಿಯ ಎಂಟು ಫಿರಂಗಿಗಳಿದ್ದವು. ಆದರೆ ಅವು ಇಲ್ಲ ಎಂದು ಆದೇಶವಾಗಿತ್ತು. ಹಾಗಾಗಿ ತಪಾಸಣೆಯವರು ಫಿರಂಗಿಗೆ ಒರಗಿಕೊಂಡು ನಿಂತು, ‘ನಿರಾಯುಧ’ ಎಂದು ಬರೆದುಕೊಂಡರು. ವಾರದೊಳಗೆ ನಮಗೆಲ್ಲ ಬಿದಿರಿನ ಈಟಿ ಬಂದವು. ಹೇಗೆ ತಿವಿಯಬೇಕೆಂದು ತೋಮೆ ಅಜ್ಜಿಯೇ ಹೇಳಿಕೊಟ್ಟಳು.

ಫಿರಂಗಿಯ ಹಿರಿಯ ನಾವಿಕ ಓತಾಗುರೋ ಇಪ್ಪತ್ತು ವರ್ಷದಿಂದ ಆ ಫಿರಂಗಿಗಳನ್ನು ಎಣ್ಣೆ ಹಚ್ಚಿ ಸಾಕಿದವನು. ಒಂದು ಸಲವಾದರೂ ಶತ್ರುವಿನ ಮೇಲೆ ಹಾರಿಸಬೇಕೆಂದು ಅವನ ಆಸೆ.

“ಅಜ್ಜಿ, ನಾನು ಮೂವತ್ತು ಕಿಲೋಮೀಟರ್ ದೂರಕ್ಕೆ ಗುಂಡು ಹೊಡೆಯೋನು,” ಎಂದು ಈಟಿ ಹಿಡಿದುಕೊಂಡು ಹಲ್ಲು ಕಚ್ಚಿ ಹೇಳಿದ.

“ಹೊಡ್ದಿದೀಯಾ?”

“ಇಲ್ಲ.”

“ಮತ್ತೆ? ಸೊಂಟ ಬಗ್ಗಿಸು. ಈಟಿ ತುದಿ ಮೇಲಕ್ಕೆ ಎತ್ತು. ಗೆಣಸು ಅಗೆಯೋನ ಥರ ಹಿಡ್ಕೊಂಡವ್ನೆ ನೋಡು!” ಎಂದು ಅಜ್ಜಿ ಅವನ ಮೊಣಕೈಗೆ ಒಂದು ಬಿಟ್ಟಳು. ಓತಾಗುರೋ ಸೊಂಟ ಬಗ್ಗಿಸಿದ.

ಜುಲೈ ತಿಂಗಳಲ್ಲಿ ಪಕ್ಕದ ಕೊಲ್ಲಿಯಲ್ಲಿದ್ದ ನೌಕೆಯೊಂದರ ಮೇಲೆ ಬಾಂಬು ಬಿದ್ದವು. ಅದೂ ದ್ವೀಪವೇ. ಅದರಲ್ಲಿದ್ದವರಲ್ಲಿ ಬದುಕಿದವರು ಕಡಿಮೆ. ಅವತ್ತು ರಾತ್ರಿ ನಮ್ಮಲ್ಲಿ ಯಾರೂ ಊಟ ಮಾಡಲಿಲ್ಲ. ಮರುದಿನವೇ ಕಪ್ತಾನರು ನನ್ನನ್ನು ಕರೆದುಕೊಂಡು ಮುಖ್ಯ ಕಚೇರಿಗೆ ಹೋದರು. ಅಲ್ಲಿ ‘ದ್ವೀಪಗಳ ವಿಭಾಗ’ ಎಂದು ಹೊಸದಾಗಿ ತೆರೆದಿದ್ದರು. ಅದರ ಮೇಲಧಿಕಾರಿ ಕಮಾಂಡರ್ ಮಿಬು. ನುಣ್ಣನೆಯ ಮುಖ, ಬೀಸಣಿಗೆ ಬೀಸಿಕೊಳ್ಳುತ್ತಿದ್ದರು.

“ವಿಮಾನ ಬಂದ್ರೆ ಹೊಡೆಯೋದಕ್ಕೆ ಅನುಮತಿ ಕೊಡಿ,” ಎಂದರು ಕಪ್ತಾನರು.

“ಎಂಥಾ ಮಾತು ಕುರಾಹಾಶಿಯವರೇ! ದ್ವೀಪ ಎಲ್ಲಾದ್ರೂ ಗುಂಡು ಹಾರಿಸುತ್ತಾ?”

“ಸರಿ. ಹಾಗಾದ್ರೆ ನನ್ನ ಹುಡುಗರನ್ನ ಹಗಲು ಹೊತ್ತು ದಡಕ್ಕೆ ಕಳಿಸ್ತೀನಿ. ಗುಡ್ಡದಲ್ಲಿ ಗುಹೆ ಇದೆ.”

“ಯುದ್ಧನೌಕೆಯ ಸಿಬ್ಬಂದಿ ನೌಕೆ ಬಿಟ್ಟು ಗುಹೆಗೆ ಹೋಗೋದು ಅಂದ್ರೆ ಅದಕ್ಕೆ ಪಲಾಯನ ಅಂತಾರೆ. ಗುಂಡಿಟ್ಟು ಕೊಲ್ತಾರೆ.”

“ಅಂದ್ರೆ, ಗುಂಡು ಹಾರಿಸೋ ವಿಷಯಕ್ಕೆ ನಾವು ದ್ವೀಪ, ಇಳಿದು ಹೋಗೋ ವಿಷಯಕ್ಕೆ ಯುದ್ಧನೌಕೆ.”

ಮಿಬು ಬೀಸಣಿಗೆ ಮಡಚಿ ಸಂತೋಷದಿಂದ ಮೇಜಿಗೆ ತಟ್ಟಿದರು. “ಅದೇ ನೋಡಿ! ಬೇರೆ ಕಪ್ತಾನರಿಗೆ ಇದನ್ನ ಅರ್ಥ ಮಾಡ್ಸೋದಕ್ಕೆ ನನಗೆ ಸಾಕುಸಾಕಾಗುತ್ತೆ. ನೀವು ಬೇಗ ಹಿಡ್ಕೊಂಡ್ರಿ.” ಹೋಗುವಾಗ ಇಬ್ಬರಿಗೂ ತಂಪಾದ ಬಾರ್ಲಿ ಟೀ ಕೊಡಿಸಿದರು.

ನನಗೆ ಆ ಟೀಯನ್ನು ಆ ನುಣ್ಣನೆಯ ಮುಖದ ಮೇಲೆ ಎರಚಬೇಕೆನಿಸಿತು. ಗುಮಾಸ್ತನಾದ್ದರಿಂದ ಕುಡಿದು, ಬಟ್ಟಲು ಕೆಳಗಿಟ್ಟು, ನಮಸ್ಕರಿಸಿ ಬಂದೆ. ಕಪ್ತಾನರು ದಾರಿಯುದ್ದಕ್ಕೂ ಒಂದೇ ಮಾತಾಡಿದರು. “ಉಸುಯಿ, ನನ್ನದೇನೋ ಸರಿ. ಹುಡುಗರದ್ದು ಏನ್ ಮಾಡೋದು?” ಅವರದು ಹೇಗೆ ಸರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅದೇ ಸಂಜೆ ತೋಮೆ ಅಜ್ಜಿ ಹಲಗೆ ತಂದಳು. ಕಪ್ತಾನರು ಮುದ್ರೆ ಒತ್ತುತ್ತಾ ಕೂತಾಗ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಕೆಳಗಿಳಿಯುವಾಗ ನನ್ನನ್ನು ಏಣಿಯ ಬಳಿ ನಿಲ್ಲಿಸಿ, “ಏನಾಯ್ತೋ ಗುಮಾಸ್ತ?” ಎಂದಳು. ನಾನು ರಹಸ್ಯವೊಂದನ್ನೂ ಹೇಳಲಿಲ್ಲ. ಒಂದು ದ್ವೀಪದ ಜನಕ್ಕೆ ಬಾಂಬು ಬಿದ್ದಾಗ ಇಳಿಯಲು ಅಪ್ಪಣೆ ಇಲ್ಲ ಎಂದಷ್ಟೇ ಹೇಳಿದೆ.

“ಅಪ್ಪಣೆ ಕೊಡೋರು ಯಾರು?”

“ದೊಡ್ಡ ಕಚೇರಿ.”

“ಥೂ. ಬೆಂಕಿ ಅಭ್ಯಾಸಕ್ಕೆ ದೊಡ್ಡ ಕಚೇರಿ ಯಾಕೋ ಬೇಕು?” ಎಂದು ಅಜ್ಜಿ ದೋಣಿ ಬಿಟ್ಟಳು.

ಮಾರನೆಯ ದಿನ ಬಂದ ಸುತ್ತೋಲೆ ಹೀಗಿತ್ತು: “ಏಳನೆಯ ಕೂಟದ ಎಲ್ಲ ನಿವಾಸಿಗಳಿಗೆ. ಮೋಡವಿಲ್ಲದ ಪ್ರತಿದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಗುಡ್ಡದ ಗುಹೆಯಲ್ಲಿ ವಾಯುದಾಳಿ ಅಭ್ಯಾಸ ನಡೆಯುವುದು. ಮನೆಗೊಬ್ಬರಲ್ಲ, ಮನೆಮಂದಿಯೆಲ್ಲ ಹಾಜರಾಗತಕ್ಕದ್ದು. ಹತ್ತಿ ತುಂಬಿದ ಕುಲಾವಿ ಕಡ್ಡಾಯ. ತಪ್ಪಿಸಿಕೊಂಡವರನ್ನು ದೇಶದ್ರೋಹಿಗಳೆಂದು ಪೊಲೀಸರಿಗೆ ತಿಳಿಸಲಾಗುವುದು. ವಿನಾಯಿತಿ: ಬಾಣಂತಿಯರಿಗೆ ಮಾತ್ರ.”

ಕಪ್ತಾನರು ಇದನ್ನು ಓದಿ ಮುದ್ರೆ ಒತ್ತಿದರು. ಆಮೇಲೆ, ಈ ಆದೇಶವನ್ನು ಮೀರಿದರೆ ನಾವು ದ್ವೀಪವಲ್ಲ ಎಂದು ಜನಕ್ಕೆ ಅನುಮಾನ ಬರುವುದಾಗಿಯೂ, ಆದ್ದರಿಂದ ರಹಸ್ಯ ಕಾಪಾಡುವ ಸಲುವಾಗಿ ಪಾಲಿಸುತ್ತಿರುವುದಾಗಿಯೂ ಮುಖ್ಯ ಕಚೇರಿಗೆ ತಿಳಿಸಲು ನನಗೆ ಹೇಳಿದರು. ಕಚೇರಿಯಿಂದ ಮೆಚ್ಚುಗೆಯ ಉತ್ತರ ಬಂತು. ದ್ವೀಪದ ವರ್ತನೆಯಲ್ಲಿ ತಾಜಿಮಾ ಇತರ ದ್ವೀಪಗಳಿಗೆ ಮಾದರಿ ಎಂದಿತ್ತು.

ಹಳ್ಳಿಯ ಹೆಂಗಸರು ಹಳೆಯ ಹಾಸಿಗೆ ಬಿಚ್ಚಿ ಆರುನೂರು ಕುಲಾವಿ ಹೊಲಿದರು. ದಿನಾ ಬೆಳಿಗ್ಗೆ ಜಪಾನಿನ ನೌಕಾಪಡೆಯ ಬೆನ್ನೆಲುಬು, ಹೂವಿನ ಚಿತ್ತಾರದ ಕುಲಾವಿ ಹಾಕಿಕೊಂಡು, ಒಂದು ಕೈಯಲ್ಲಿ ಬಕೆಟ್ಟು ಇನ್ನೊಂದರಲ್ಲಿ ಬಿದಿರಿನ ಈಟಿ ಹಿಡಿದು, ಮುದುಕಿಯೊಬ್ಬಳ ಹಿಂದೆ ಸಾಲಾಗಿ ಗುಡ್ಡ ಹತ್ತುತ್ತಿತ್ತು. ಓತಾಗುರೋ ಮೊದಲ ದಿನ ಕುಲಾವಿ ಹಾಕಲಾರೆ ಎಂದ. ಅಜ್ಜಿ ಅವನ ಗಲ್ಲ ಹಿಡಿದು ತಾನೇ ದಾರ ಕಟ್ಟಿದಳು.

ಕಪ್ತಾನರೊಬ್ಬರು ಮಾತ್ರ ಬರಲಿಲ್ಲ. ಅವರು ಪ್ರತಿದಿನ ಎಲ್ಲರನ್ನೂ ದೋಣಿಗೆ ಹತ್ತಿಸಿ, ಬಣ್ಣ ಬಳಿದ ಪೈನ್ ಕೊಂಬೆಗಳ ನಡುವೆ ಮೇಲಿನ ಅಟ್ಟದಲ್ಲಿ ಒಬ್ಬರೇ ಕೂರುತ್ತಿದ್ದರು. ಅಜ್ಜಿ ಮೊದಮೊದಲು ಅವರ ಹೆಸರಿನ ಮುಂದೆ ‘ಹೊಟ್ಟೆನೋವು’ ಎಂದು ಹಾಕಿಕೊಂಡಳು.

ಆ ತಿಂಗಳ ಕೊನೆಯಲ್ಲಿ, ಆಕಾಶ ತೊಳೆದಿಟ್ಟಂತಿದ್ದ ಒಂದು ಬೆಳಿಗ್ಗೆ, ನಿಜವಾದ ಸೈರನ್ ಕೂಗಿತು. ನಾವಿಕರೆಲ್ಲ ಆಗಲೇ ಗುಡ್ಡದಲ್ಲಿದ್ದರು. ಕಪ್ತಾನರನ್ನು ಕರೆಯಲು ನಾನು ಹಿಂದೆ ಉಳಿದಿದ್ದೆ. ಮೂರು ಸಲ ಕರೆದೆ. ಮೂರು ಸಲವೂ, “ನೀನು ಹೋಗು ಉಸುಯಿ,” ಎಂದರು. ಶುಭ್ರವಾದ ಬಿಳಿ ಸಮವಸ್ತ್ರ ಹಾಕಿಕೊಂಡಿದ್ದರು. ಅದನ್ನು ನೋಡಿ ನನಗೆ ಅಳು ಬಂತು. ಅಷ್ಟರಲ್ಲಿ ಕೆಳಗೆ ನೀರಿನ ಮೇಲೆ ತೋಮೆ ಅಜ್ಜಿಯ ದೋಣಿ ಕಂಡಿತು. ಆ ವಯಸ್ಸಿನಲ್ಲಿ ಅವಳು ಅಷ್ಟು ಬೇಗ ಏಣಿ ಹೇಗೆ ಹತ್ತಿದಳೋ ನನಗೆ ಇವತ್ತಿಗೂ ತಿಳಿಯದು.

“ಕಪ್ತಾನಪ್ಪಾ! ಇಳಿ ಕೆಳಗೆ. ಎಲ್ರೂ ಬಂದಾಯ್ತು, ನೀನೊಬ್ಬ ಬಾಕಿ.”

“ಅಜ್ಜಿ, ನೀವು ಬೇಗ ಹೊರಡಿ. ನಾನು ಬರೋ ಹಾಗಿಲ್ಲ.”

“ಯಾಕೋ?”

“ಪದ್ಧತಿ ಅಜ್ಜಿ.”

“ಯಾವ ಪದ್ಧತಿ? ಹೇಳು, ನಾನೂ ಕೇಳ್ತೀನಿ.”

ಕಪ್ತಾನರಿಗೆ ಈಗ ಅತ್ತ ದರಿ, ಇತ್ತ ಪುಲಿ. ಪದ್ಧತಿಯನ್ನು ಹೇಳಬೇಕಾದರೆ ನೌಕೆಯ ಹೆಸರು ಹೇಳಬೇಕು. ಇಲ್ಲಿ ನೌಕೆ ಇಲ್ಲ.

“ದ್ವೀಪ ಅಂತ ನೀನೇ ಮುದ್ರೆ ಒತ್ತಿದೀಯ. ದ್ವೀಪದ ಜೊತೆ ಮುಳುಗ್ತೀನಿ ಅಂತ ಕೂತೋನ್ನ ನಾನು ನನ್ ಜನ್ಮದಲ್ಲಿ ಕಂಡಿಲ್ಲ,” ಎಂದಳು ಅಜ್ಜಿ. ಆಮೇಲೆ ದನಿ ತಗ್ಗಿತು. “ನೋಡು ಮಗಾ. ಹೆತ್ತ ಇಬ್ರನ್ನೂ ಸಮುದ್ರಕ್ಕೆ ಕೊಟ್ಟಿದೀನಿ. ವಾಪಸ್ಸು ಬಂದಿದ್ದು ಎರಡು ಪೆಟ್ಟಿಗೆ. ಒಳಗೆ ಬೂದಿ ಇಲ್ಲ, ಹೆಸರು ಬರೆದ ಒಂದೊಂದು ಚೀಟಿ. ಮೂರ್ನೇ ಪೆಟ್ಟಿಗೆ ಇಡೋಕೆ ನಮ್ಮನೇಲಿ ಜಾಗ ಇಲ್ಲ.”

ದೂರದಲ್ಲಿ ವಿಮಾನಗಳ ಸದ್ದು ಶುರುವಾಗಿತ್ತು. ಕಪ್ತಾನರು ನನ್ನ ಕಡೆ ತಿರುಗಿದರು. ಆಗಲೂ ಅವರ ಮಾತು ಕಚೇರಿಯದೇ.

“ಉಸುಯಿ, ಕೂಟದ ಆದೇಶ ನನಗೂ ಅನ್ವಯಿಸುತ್ತಾ?”

“ಅನ್ವಯಿಸುತ್ತೆ ಸಾಹೇಬ್ರೇ. ಬಾಣಂತಿಯರಿಗೆ ಮಾತ್ರ ವಿನಾಯಿತಿ.”

“ನಾನು ಬಾಣಂತಿ ಅಲ್ಲ.”

“ಅಲ್ಲ ಸಾಹೇಬ್ರೇ.”

ಅವರು ಟೋಪಿ ತೆಗೆದರು. ಅಜ್ಜಿ ಕುಲಾವಿ ಹಾಕಿ ದಾರ ಕಟ್ಟಿದಳು. ನಾವು ಮೂವರೂ ಇಳಿದೆವು.

ದಾಳಿ ಬಹಳ ಹೊತ್ತು ನಡೆಯಿತು. ಅಮೆರಿಕದವರು ಕೊಲ್ಲಿಯಲ್ಲಿದ್ದ ನಿಜವಾದ ಎರಡು ದ್ವೀಪಗಳನ್ನು ಬಿಟ್ಟು ನೇರವಾಗಿ ನಮ್ಮದಕ್ಕೇ ಬಂದರು. ಹೋದ ವರ್ಷ ಇಲ್ಲದೆ ಈ ವರ್ಷ ಹುಟ್ಟಿದ, ಎರಡೂ ತುದಿ ಚೂಪಾದ, ಎಣ್ಣೆಬಣ್ಣದಂತೆ ಹೊಳೆಯುವ ಮರಗಳ ದ್ವೀಪ ಒಳಸಮುದ್ರದಲ್ಲಿ ಇನ್ನೊಂದಿರಲಿಲ್ಲ. ಗುಹೆಯ ಬಾಯಲ್ಲಿ ನಿಂತು ನೋಡುತ್ತಿದ್ದ ಓತಾಗುರೋ ತನ್ನ ಫಿರಂಗಿಗಳ ಹೆಸರು ಹಿಡಿದು ಕೂಗಿ ಅತ್ತ. ಸಂಜೆಗೆ ತಾಜಿಮಾ ಮೆಲ್ಲಗೆ ಕೊಲ್ಲಿಯ ತಳಕ್ಕೆ ಕೂತಿತು. ಆರುನೂರು ಜನರಲ್ಲಿ ಯಾರೂ ಸಾಯಲಿಲ್ಲ.

ಮುಖ್ಯ ಕಚೇರಿಯ ದೃಷ್ಟಿಯಲ್ಲಿ ಇದೇ ದೊಡ್ಡ ಸಮಸ್ಯೆಯಾಯಿತು. ದಾಳಿಯ ಸುದ್ದಿ ಮುಟ್ಟಿದ ತಕ್ಷಣ ಅಲ್ಲಿ ಕಪ್ತಾನ್ ಕುರಾಹಾಶಿ ನೌಕೆಯೊಂದಿಗೆ ವೀರಮರಣವನ್ನಪ್ಪಿದರೆಂದು ಘೋಷಿಸಿ, ಮರಣಾನಂತರದ ಬಡ್ತಿ ಕೊಟ್ಟು, ಶೋಕಸಭೆ ನಡೆಸಿ, ಮಿಬು ಅವರೇ ಕಣ್ಣೊರೆಸಿಕೊಂಡು ಮಾತಾಡಿದ್ದರು. ನಾಲ್ಕು ದಿನದ ಮೇಲೆ ಖುದ್ದಾಗಿ ಕುಸುನೋಉರಾಕ್ಕೆ ಬಂದಾಗ ತೋಮೆ ಅಜ್ಜಿಯ ಜಗಲಿಯ ಮೇಲೆ ಕಪ್ತಾನರು ಗೆಣಸಿನ ಸಿಪ್ಪೆ ತೆಗೆಯುತ್ತಿದ್ದರು.

“ಕುರಾಹಾಶಿಯವರೇ,” ಎಂದರು ಮಿಬು ಬೇಸರದಿಂದ. “ಇದೇನಿದು?”

“ಗೆಣಸು, ಕಮಾಂಡರ್.”

“ನೀವು ಸತ್ತಿದ್ದೀರಿ. ಬಡ್ತಿ ರದ್ದು ಮಾಡೋದಕ್ಕೆ ಮೂರು ಅಡ್ಮಿರಲ್ಲುಗಳ ಮುದ್ರೆ ಬೇಕು. ಅವರ ಮುಂದೆ ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?” ಎಂದು ಮಿಬು ಕೊಲ್ಲಿಯ ಕಡೆ ನೋಡಿದರು. ಬೆಳಗಿನ ಉಬ್ಬರದ ಹೊತ್ತು. ನೀರಿನ ಮೇಲೆ ಮುರಿದ ಕಂಬದ ತುದಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. “ನೌಕೆ ಮುಳುಗಿದೆ. ಕಪ್ತಾನ ಇಲ್ಲಿ ಕೂತಿದ್ದಾರೆ. ಕಚೇರಿ ಯಾವ ಒತ್ತಾಯಾನೂ ಮಾಡಲ್ಲ. ಪದ್ಧತಿ ನಿಮಗೇ ಗೊತ್ತು.” ಜಗಲಿಯ ಮೇಲೆ ಬಿಳಿ ಕಾಗದದಲ್ಲಿ ಸುತ್ತಿದ ಒಂದು ಚಿಕ್ಕ ಚೂರಿಯನ್ನು, ಸಿಹಿತಿಂಡಿ ಇಡುವಂತೆ ಇಟ್ಟರು.

ಕಪ್ತಾನರು ಕೈ ಒರೆಸಿಕೊಂಡು ಅದನ್ನು ಎತ್ತಿಕೊಂಡರು. ಅವರ ಮುಖದಲ್ಲಿ ಒಂಥರಾ ನೆಮ್ಮದಿ ಕಂಡಿತು.

“ಊಟಕ್ಕೆ ಮೊದ್ಲು ನಮ್ಮನೆ ಜಗಲಿ ಮೇಲೆ ಯಾರೂ ಸಾಯೋ ಹಾಗಿಲ್ಲ,” ಎಂದು ಅಜ್ಜಿ ಒಳಗಿನಿಂದ ಬಂದಳು. ಚೂರಿಯನ್ನು ಕಪ್ತಾನರ ಕೈ ಬಿಡಿಸಿ ತೆಗೆದುಕೊಂಡು ಅದರಿಂದಲೇ ಗೆಣಸು ಹೆಚ್ಚತೊಡಗಿದಳು. ಹೆಚ್ಚಿದಳು, ಬೇಯಿಸಿದಳು, ಆರಲು ಬಿಟ್ಟಳು. ದೊಡ್ಡ ಕಚೇರಿಯವರು ಬರಿಹೊಟ್ಟೆಯಲ್ಲಿ ಹೋಗಬಾರದು ಎಂದು ಮಿಸೋ ಸಾರು ಮಾಡಿದಳು. ಒಲೆ ಆರಿತು ಎಂದು ಮತ್ತೆ ಹೊತ್ತಿಸಿದಳು. ಊಟ ಮುಗಿದು ಮಿಬು ತಲೆಯೆತ್ತುವ ಹೊತ್ತಿಗೆ ಇಳಿತವಾಗಿತ್ತು. ಕೊಲ್ಲಿಯಲ್ಲಿ ತಾಜಿಮಾ ಫಿರಂಗಿ, ಮಣ್ಣು, ಮುರಿದ ಪೈನ್ ಮರಗಳ ಸಮೇತ ಎದ್ದು ನಿಂತಿತ್ತು. ಡೆಕ್ಕಿನ ಮೇಲೆ ಹಕ್ಕಿಗಳು ಕೂತಿದ್ದವು.

“ಎಲ್ಲಪ್ಪಾ ಮುಳುಗಿದೆ?” ಎಂದಳು ಅಜ್ಜಿ.

ಮಿಬು ಬೀಸಣಿಗೆ ನಿಲ್ಲಿಸಿದರು. ನಾನು ಗುಮಾಸ್ತನಾಗಿ ಜೀವಮಾನದಲ್ಲಿ ಆಡಿದ ಒಂದೇ ಉಪಯುಕ್ತ ಮಾತನ್ನು ಆಗ ಆಡಿದೆ. “ಕಮಾಂಡರ್, ಮುಳುಗದ ನೌಕೆಯನ್ನ ಮುಳುಗಿದೆ ಅಂತ ಘೋಷಿಸೋದು ಸೋಲಿನ ಸುದ್ದಿ ಹಬ್ಬಿಸಿದ ಅಪರಾಧ ಆಗುತ್ತೆ. ಶಿಕ್ಷೆ ಏನು ಅಂತ ತಮಗೇ ಗೊತ್ತು.”

ಮಿಬು ಬೆವರಿದರು. ನೀರು ಮತ್ತೆ ಏರುವವರೆಗೂ ಜಗಲಿಯ ಮೇಲೆ ಕೂತು ಕೊಲ್ಲಿಯನ್ನು ನೋಡಿದರು. ಮುಳುಗಿದೆ ಎಂದರೆ ತಮ್ಮ ತಲೆ ಹೋಗುತ್ತದೆ, ಮುಳುಗಿಲ್ಲ ಎಂದರೆ ತಮ್ಮ ಶೋಕಸಭೆ ಸುಳ್ಳಾಗುತ್ತದೆ. ಕತ್ತಲಾಗುವ ಮೊದಲು ಅವರ ಮುಖ ಅರಳಿತು. ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟು ತೀರ್ಪು ಬರೆಸಿದರು:

“ತನಿಖೆಯಿಂದ ಕಂಡುಬಂದದ್ದೇನೆಂದರೆ: ಉಬ್ಬರದ ವೇಳೆ ಯುದ್ಧನೌಕೆ ತಾಜಿಮಾ ಮುಳುಗಿರುತ್ತದೆ, ಇಳಿತದ ವೇಳೆ ಮುಳುಗಿರುವುದಿಲ್ಲ. ಆದುದರಿಂದ ಕಪ್ತಾನ್ ಕುರಾಹಾಶಿಯವರು ಉಬ್ಬರದಲ್ಲಿ ವೀರಮರಣವನ್ನಪ್ಪಿರತಕ್ಕದ್ದು. ಇಳಿತದಲ್ಲಿ ಕರ್ತವ್ಯದ ಮೇಲೆ ಇರತಕ್ಕದ್ದು. ಉಬ್ಬರದಲ್ಲಿ ಅವರು ಈಗಾಗಲೇ ಸತ್ತಿರುವುದರಿಂದ ಮತ್ತೆ ಸಾಯುವ ಅಗತ್ಯವಿಲ್ಲ. ಇಳಿತದಲ್ಲಿ ನೌಕೆ ಮುಳುಗಿಲ್ಲವಾದ್ದರಿಂದ ಸಾಯಲು ಕಾರಣವಿಲ್ಲ.”

ಎರಡು ವಾರದಲ್ಲಿ ಯುದ್ಧ ಮುಗಿಯಿತು. ನಾವಿಕರು ಅವರವರ ಊರಿಗೆ ಹೋದರು. ಮುಖ್ಯ ಕಚೇರಿಯನ್ನು ಮುಚ್ಚಿದರು. ತೀರ್ಪನ್ನು ರದ್ದುಪಡಿಸುವ ಅಧಿಕಾರ ಅದನ್ನು ಹೊರಡಿಸಿದ ಕಚೇರಿಗೆ ಮಾತ್ರ ಇದ್ದುದರಿಂದ, ಆ ಕಚೇರಿ ಇಲ್ಲವಾದ ಮೇಲೆ ತೀರ್ಪು ಶಾಶ್ವತವಾಯಿತು. ಕಪ್ತಾನರ ಮನೆ ನಗರದಲ್ಲಿ ಸುಟ್ಟುಹೋಗಿತ್ತು. ಅವರು ಅಜ್ಜಿಯ ಮನೆಯಲ್ಲೇ ಉಳಿದರು. ಹೋಗಲು ಮನಸ್ಸಾಗದೆ ನಾನೂ ಗ್ರಾಮ ಕಚೇರಿಗೆ ಗುಮಾಸ್ತನಾಗಿ ಸೇರಿದೆ.

ಊರು ಈ ವ್ಯವಸ್ಥೆಗೆ ಬೇಗ ಹೊಂದಿಕೊಂಡಿತು. ಉಬ್ಬರವಿರುವಾಗ ಕಪ್ತಾನರು ಎದುರಾದರೆ ಯಾರೂ ನಮಸ್ಕಾರ ಹೇಳುವುದಿಲ್ಲ, ಕೈ ಜೋಡಿಸಿ ಕಣ್ಣು ಮುಚ್ಚಿ ಮುಂದೆ ಹೋಗುತ್ತಾರೆ. ಕ್ಷೌರದವನು ಇಳಿತ ನೋಡಿಕೊಂಡೇ ಕತ್ತರಿ ಹಿಡಿಯುತ್ತಾನೆ. ಗ್ರಾಮದ ಚುನಾವಣೆಯಲ್ಲಿ ಒಮ್ಮೆ ಅವರು ಸಾಲಿನಲ್ಲಿ ನಿಂತಿರುವಾಗಲೇ ನೀರು ಏರಿತು. ಅಧಿಕಾರಿ ಬಹಳ ವಿನಯದಿಂದ, ಮತ್ತೆ ಬದುಕಿದ ಮೇಲೆ ಬನ್ನಿ ಎಂದ. ಅವರು ಹಾಗೇ ಮಾಡಿದರು. ಆಮೇಲೆ ಗುಜರಿಯವರು ಬಂದು ತಾಜಿಮಾವನ್ನು ಕತ್ತರಿಸಿ ಒಯ್ದರು. ಹಿತ್ತಾಳೆಗಾಗಿ ಅವರೊಳಗೇ ಹೊಡೆದಾಟವಾಯಿತು. ಇನ್ನು ಕಪ್ತಾನರ ಗತಿಯೇನು ಎಂದು ಗ್ರಾಮ ಸಭೆಯಲ್ಲಿ ಪ್ರಶ್ನೆ ಬಂದಾಗ, ನೌಕೆ ಹೋದರೂ ಸಮುದ್ರ ಹೋಗಿಲ್ಲವಲ್ಲ, ನಡೆದಂತೆ ನಡೆಯಲಿ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಆ ತೀರ್ಮಾನವನ್ನು ಬರೆದವನು ನಾನೇ.

ಮೊನ್ನೆ ಉಬ್ಬರದ ಹೊತ್ತಿಗೆ ನಾನು ಅಜ್ಜಿಯ ಮನೆಗೆ ಹೋಗಿದ್ದೆ. ಪೂಜೆಯ ಗೂಡಿನಲ್ಲಿ ಅವಳ ಇಬ್ಬರು ಮಕ್ಕಳ ಪಟಗಳಿದ್ದವು. ಅವುಗಳ ಪಕ್ಕದಲ್ಲಿ, ಗೋಡೆಗೆ ಒರಗಿ, ಕಪ್ತಾನರು ಮಂಡಿಯೂರಿ ಕಣ್ಣು ಮುಚ್ಚಿ ಕೂತಿದ್ದರು. ಅಜ್ಜಿ ಮೂವರ ಮುಂದೆಯೂ ಒಂದೊಂದು ಬಟ್ಟಲು ಅನ್ನವಿಟ್ಟು ಊದುಬತ್ತಿ ಹಚ್ಚಿದಳು. ನಾನೂ ಕೈ ಮುಗಿದು ಕೂತೆ. ಬಹಳ ಹೊತ್ತಾದ ಮೇಲೆ ಅಜ್ಜಿ ಎದ್ದು ಹೋಗಿ, ಬಾಗಿಲಲ್ಲಿ ನಿಂತು ಕೊಲ್ಲಿಯ ಕಡೆ ನೋಡಿ ಬಂದಳು. ಎರಡು ಪಟಗಳನ್ನು ಒಮ್ಮೆ ನೋಡಿ, ಅವುಗಳ ಮುಂದಿನ ಬಟ್ಟಲುಗಳನ್ನು ಹಾಗೇ ಬಿಟ್ಟು, ಮೂರನೆಯದನ್ನು ಎತ್ತಿ ಕಪ್ತಾನರ ಕೈಗೆ ಕೊಟ್ಟಳು.

“ಏಳು ಮಗಾ, ನೀರು ಇಳೀತು,” ಎಂದಳು. “ಉಣ್ಣು. ಉಂಡು ಹಿತ್ತಲಲ್ಲಿ ಸೌದೆ ಒಡಿ.”

ಕಪ್ತಾನರು ಕಣ್ಣು ಬಿಟ್ಟು ಉಣ್ಣತೊಡಗಿದರು.